ಘಟ್ಟದ ನಾಡಿಗೆ ಹೊರಟವರ ಉಡುಗೆ-ತೊಡುಗೆ

ಶರಣರ ಬಾಳಿನಲ್ಲಿ ಬಟ್ಟೆಗೆ ವಿಶೇಷವಾದ ಸ್ಥಾನವುಂಟು. ಜೇಡರ ದಾಸಿಮಯ್ಯನವರು ಬಟ್ಟೆ ನೇಯ್ದರು. ಸೂಜಿಕಾಯಕದ ರಾಮಿತಂದೆಯವರು ಹೊಲಿದರು. ಮಡಿವಾಳ ಮಾಚಿದೇವರು ಒಗೆದರು. ಅಕ್ಕಮಹಾದೇವಿಯವರು ಬಟ್ಟೆಯನ್ನೇ ತೊರೆದು ನಡೆದರು. ನೇಯುವ, ಹೊಲಿಯುವ, ಒಗೆಯುವ ಕೆಲಸಗಳು ಕಾಯಕವಾದ ಪರಂಪರೆ ನಮ್ಮದು. ಆದುದರಿಂದ ಪ್ರವಾಸಕ್ಕೆ ಹೊರಟಾಗ ಏನು ಉಡಬೇಕೆಂಬ ಪ್ರಶ್ನೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕಲು ಕಾರಣವಿಲ್ಲ.

ಇಂದು ನಮ್ಮ ಸಮಾಜದ ಕೆಲವು ಕುಟುಂಬಗಳು ಮುಂಬಯಿಯಿಂದ ಹೊರಡುವ ವಿಹಾರದ ಹಡಗುಗಳಲ್ಲಿ ಪ್ರಯಾಣ ಮಾಡಿ ಬರುತ್ತಿವೆ. ಹಡಗಿನಲ್ಲಿ ಹಗಲಿಗೊಂದು, ಸಂಜೆಯ ಊಟಕ್ಕೊಂದು ಉಡುಗೆಯೆಂದು ಮೊದಲೇ ತಿಳಿಸುವ ಪದ್ಧತಿಯುಂಟು. ಆದರೆ ಹುಬ್ಬಳ್ಳಿ, ಧಾರವಾಡ, ಹಾವೇರಿ, ಗದಗಗಳ ನಮ್ಮ ಮನೆಗಳವರು ರಜೆ ಬಂದೊಡನೆ ಹೆಚ್ಚಾಗಿ ಹೊರಡುವುದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಗೆ. ಅಲ್ಲಿಯ ಕಾಡಾಗಲಿ, ಹೊಳೆಯಾಗಲಿ ಯಾವ ಪಟ್ಟಿಯನ್ನೂ ಮುಂದಾಗಿ ಕಳಿಸುವುದಿಲ್ಲ. ಜೋಗದ ಕಟ್ಟೆಯ ಮೇಲೆ, ಸಹಸ್ರಲಿಂಗದ ಬಂಡೆಗಳ ಮೇಲೆ ಮದುವೆಮನೆಗೆ ಬಂದವರಂತೆ ಜರತಾರಿ ಸೀರೆ, ಎತ್ತರದ ಹಿಮ್ಮಡಿಯ ಪಾದರಕ್ಷೆ ಧರಿಸಿ ತಡವರಿಸುವವರನ್ನು ನಾವು ಅನೇಕ ಸಲ ಕಂಡಿದ್ದೇವೆ. ಛಾಯಾಚಿತ್ರಕ್ಕೆ ಅದು ಚೆಂದವಿರಬಹುದು, ಕಾಲಿಗೆ ಚೆಂದವಲ್ಲ. ಈ ನಾಡಿನಲ್ಲಿ ಕೆಲವೊಮ್ಮೆ ಉಡುಗೆಯ ಮೇಲೆ ಪ್ರಾಣವೇ ನಿಂತಿರುತ್ತದೆ.

ಹುಬ್ಬಳ್ಳಿಯಿಂದ ಶಿರಸಿಗೆ ಸುಮಾರು 100 ಕಿಲೋಮೀಟರು. ದೂರ ಅಷ್ಟೇ ಆದರೂ ಹವೆಯ ಲೆಕ್ಕದಲ್ಲಿ ಅದು ಬೇರೊಂದು ದೇಶ. ಧಾರವಾಡದ ಬಯಲಿನಲ್ಲಿ ವರ್ಷವೊಂದಕ್ಕೆ 700-800 ಮಿಲಿಮೀಟರು ಮಳೆಯಾದರೆ ಸಮೃದ್ಧಿ. ಶಿರಸಿ-ಸಿದ್ದಾಪುರಗಳಲ್ಲಿ ಅದು 2,000 ಮಿಲಿಮೀಟರನ್ನು ಮೀರುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವುದು. ನಾವು ಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದಾಗ ನಮಗೆ ಎರಡು ಜೊತೆ ಬಟ್ಟೆಗಳಿದ್ದವು. ಒಂದು ಮೈಮೇಲೆ, ಇನ್ನೊಂದು ಹಗ್ಗದ ಮೇಲೆ. ಬಯಲುಸೀಮೆಯಲ್ಲಿ ಆ ಲೆಕ್ಕ ಸರಿಹೋಗುತ್ತಿತ್ತು. ಆಷಾಢ-ಶ್ರಾವಣದ ಶಿರಸಿಯಲ್ಲಿ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಲ್ಲಿಯ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಬಟ್ಟೆ ಒಣಗಿಸುವುದನ್ನು ಕಂಡವರಿಗೆ ಇದು ತಿಳಿದ ಸಂಗತಿ.

ಯಾವ ನಾಡಿನಲ್ಲಿ ಏನು ಉಡಬೇಕೆಂಬುದನ್ನು ಆ ನಾಡಿನಲ್ಲಿ ದುಡಿಯುವವರನ್ನು ನೋಡಿ ಕಲಿಯಬೇಕು. ಮಲೆನಾಡಿನ ರೈತನ ಮಳೆಗಾಲದ ಉಡುಗೆ ಕಂಬಳಿ ಕೊಪ್ಪೆ. ಕಂಬಳಿಯನ್ನು ಮಡಿಸಿ, ತುದಿಯನ್ನು ತಲೆಯ ಮೇಲೆ ಮೂಲೆಗೂಡಿಸಿ ಹೊದ್ದರೆ ಮಳೆಯ ನೀರು ಬೆನ್ನಿನ ಮೇಲಿಂದ ಜಾರಿಹೋಗುತ್ತದೆ. ಅರಳೆಯ ಬಟ್ಟೆ ನೆನೆದರೆ ಮೈಗೆ ಅಂಟಿ ಮೈಯ ಕಾವನ್ನು ಹೀರುತ್ತದೆ; ಉಣ್ಣೆ ನೆನೆದರೂ ಕಾವನ್ನು ಬಿಟ್ಟುಕೊಡುವುದಿಲ್ಲ. ಬಗ್ಗಿ ಸಸಿ ನೆಡುವ ಹೆಣ್ಣುಮಕ್ಕಳಿಗೆ ಬಿದಿರು ಮತ್ತು ಎಲೆಗಳಿಂದ ಹೆಣೆದ ಗೊರಬು ಉಂಟು. ಅದು ತಲೆಯಿಂದ ಸೊಂಟದವರೆಗೆ ಬೆನ್ನನ್ನು ಮುಚ್ಚಿ ಎರಡು ಕೈಗಳನ್ನೂ ಕೆಲಸಕ್ಕೆ ಬಿಡುತ್ತದೆ. ಅಡಕೆಯ ಹಾಳೆಯಿಂದ ಮಾಡಿದ ಟೊಪ್ಪಿ ಬಿಸಿಲಿಗೂ ಮಳೆಗೂ ಆಗುತ್ತದೆ. ಮನುಷ್ಯರ ಮಾತಿರಲಿ, ಅಡಕೆಯ ಕೊನೆಗೂ ಅಲ್ಲಿ ಮಳೆಗಾಲದ ಉಡುಗೆಯುಂಟು! ಕೊಳೆರೋಗ ತಗಲಬಾರದೆಂದು ಹಿಂದೆ ಕರಡದ ಹುಲ್ಲಿನ ಕೊಟ್ಟೆಯನ್ನು ಕೊನೆಗೆ ಕಟ್ಟುತ್ತಿದ್ದರು. ಈಗ ಪ್ಲಾಸ್ಟಿಕ್ಕಿನ ಕೊಟ್ಟೆಯೂ ಬಂದಿದೆ.

ಇಲ್ಲಿ ನಮ್ಮವರು ನೆನೆಯಬೇಕಾದ ಮಾತೊಂದಿದೆ. ಕಂಬಳಿ ಘಟ್ಟದಲ್ಲಿ ಹುಟ್ಟಿದ್ದಲ್ಲ. ಕುರಿ ಮೇಯುವುದು ಬಯಲಿನಲ್ಲಿ. ಅದನ್ನು ನೇಯುವವರು ಹಾವೇರಿ, ರಾಣೇಬೆನ್ನೂರು ಸೀಮೆಗಳ ಕುರುಬ ಬಂಧುಗಳು. ಕೆಳಗಿನ ಕಂಬಳಿ ಮೇಲೇರಿತು, ಮೇಲಿನ ಅಡಕೆ-ಮೆಣಸು ಕೆಳಗಿಳಿಯಿತು. ಬಯಲು ಮಲೆಗಳ ನಂಟು ಹೀಗೆ ಹಳೆಯದು. ಇಂದಿನ ಪ್ರವಾಸಿ ಕಂಬಳಿ ಹೊರಬೇಕಾಗಿಲ್ಲ. ಆದರೆ ಅದರ ನೀತಿಯನ್ನು ಹೊರಬೇಕು. ನೀರು ಜಾರಬೇಕು, ಮೈ ಬೆಚ್ಚಗಿರಬೇಕು, ಎರಡು ಕೈಗಳೂ ಬಿಡುವಾಗಿರಬೇಕು. ತಲೆಗವಸುಳ್ಳ ಮಳೆಯಂಗಿ ಈ ಮೂರನ್ನೂ ಮಾಡುತ್ತದೆ. ಕೊಡೆ ಪೇಟೆಯ ಬೀದಿಗೆ ಸಾಕು. ಗಾಳಿಮಳೆಯ ಕಾಡುದಾರಿಯಲ್ಲಿ ಅದು ಒಂದು ಕೈಯನ್ನು ಕಟ್ಟಿಹಾಕುವ ಹೊರೆ. ಯುವಕರು ಮೆಚ್ಚುವ ಜೀನ್ಸ್ ಒಮ್ಮೆ ನೆನೆದರೆ ಪ್ರವಾಸ ಮುಗಿಯುವವರೆಗೂ ಒಣಗದು. ತೆಳುವಾದ, ಬೇಗ ಆರುವ ಬಟ್ಟೆಯೇ ಮೇಲು.

ಮಳೆಗಾಲದಲ್ಲಿ ಕಾಲಿನ ಕಡೆಗೆ ಹೆಚ್ಚಿನ ಗಮನ ಬೇಕು. ತರಗೆಲೆಗಳ ನಡುವಿನಿಂದ ಉಂಬಳಗಳು ಹತ್ತುತ್ತವೆ. ಅವುಗಳಿಂದ ಪ್ರಾಣಾಪಾಯವಿಲ್ಲ, ಆದರೆ ಅರಿಯದವರು ರಕ್ತ ಕಂಡು ಕಿರುಚಿ ಓಡಿ ಜಾರಿ ಬೀಳುವುದುಂಟು. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟಿನ ಅಂಚನ್ನು ತೂರಿಸಿ ನಡೆದರೆ ಅರ್ಧ ಕಾಟ ಕಳೆಯಿತು. ಸುಣ್ಣ, ಹೊಗೆಸೊಪ್ಪು ಅಥವಾ ಉಪ್ಪನ್ನು ಸೋಂಕಿಸಿದರೆ ಉಂಬಳ ತಾನೇ ಬಿಡುತ್ತದೆಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ಪಾದರಕ್ಷೆ ತಳದಲ್ಲಿ ಹಲ್ಲುಗಳುಳ್ಳ ರಬ್ಬರಿನದಾಗಿರಲಿ, ಹಿಂದೆ ಪಟ್ಟಿಯಿರಲಿ. ನಮ್ಮ ಸೀಮೆಯ ತೊಗಲಿನ ಚಪ್ಪಲಿ ಎರಡು ದಿನದ ಮಳೆಗೆ ನೆನೆದು ಉಬ್ಬಿ ಕಾಲಿಗೆ ನಿಲ್ಲದಾಗುತ್ತದೆ. ಹೊಸದಾದರೆ ನುಣುಪಾದ ತಳ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರುತ್ತದೆ.

ಇನ್ನು ಜಲಪಾತಗಳು. ಸಿದ್ದಾಪುರ ಮತ್ತು ಸಾಗರ ತಾಲ್ಲೂಕುಗಳ ಗಡಿಯಲ್ಲಿ ಶರಾವತಿ 253 ಮೀಟರು ಧುಮುಕುವ ಜೋಗ. ಸಿದ್ದಾಪುರ ತಾಲ್ಲೂಕಿನ ಕಾಡಿನಲ್ಲಿ ಅಘನಾಶಿನಿ 116 ಮೀಟರು ಬೀಳುವ ಉಂಚಳ್ಳಿ. ಯಲ್ಲಾಪುರದ ಬಳಿ ಬೇಡ್ತಿ ಹೊಳೆಯ ಮಾಗೋಡು. ಕಾಳಿಯ ಕಣಿವೆಯ ಸಾತೊಡ್ಡಿ. ಉಂಚಳ್ಳಿಗೆ ಜನ ಇಟ್ಟ ಹೆಸರು ಕೆಪ್ಪ ಜೋಗ. ಅದರ ಮೊರೆತ ಕಿವಿಯನ್ನು ಕಿವುಡಾಗಿಸುವುದರಿಂದ. ಹಿಂದೆ ಬಂದವರ ಕೂಗು ಮುಂದೆ ಹೋದವರಿಗೆ ಕೇಳಿಸದ ಇಂತಹ ಎಡೆಯಲ್ಲಿ ಮಕ್ಕಳಿಗೆ ಕೆಂಪು, ಹಳದಿಯಂತಹ ಎದ್ದುಕಾಣುವ ಬಣ್ಣದ ಅಂಗಿಯನ್ನು ತೊಡಿಸುವುದು ವಿವೇಕ. ಹಸುರಿನ ನಡುವೆ ಹಸುರು ತೊಟ್ಟ ಮಗು ಹತ್ತು ಮಾರು ದೂರದಲ್ಲಿಯೇ ಮರೆಯಾಗುತ್ತದೆ.

ಸಾತೊಡ್ಡಿ ಎತ್ತರದಲ್ಲಿ ಚಿಕ್ಕದು, ಸುಮಾರು 15 ಮೀಟರು. ಆದುದರಿಂದಲೇ ಜನ ಅಲ್ಲಿ ನೀರಿಗಿಳಿಯುತ್ತಾರೆ. ಸೀರೆ, ಲುಂಗಿ, ಧೋತರಗಳುಟ್ಟು ಹರಿಯುವ ನೀರಿಗಿಳಿಯುವುದು ತೀರ ಅಪಾಯಕರ. ಒದ್ದೆಯಾದ ಬಟ್ಟೆ ಭಾರವಾಗುತ್ತದೆ; ಸೆಳವು ಅದನ್ನು ಕಾಲಿಗೆ ಸುತ್ತುತ್ತದೆ; ಈಜು ಬಲ್ಲವನೂ ಆಗ ಕಾಲು ಬಡಿಯಲಾರ. ಮಳೆಗಾಲ ಕಳೆದು ಹೊಳೆ ತಿಳಿಯಾಗಿ ಶಾಂತವಾಗಿದೆಯೆಂದು ನಂಬುವಂತಿಲ್ಲ. 2023ರ ಡಿಸೆಂಬರಿನಲ್ಲಿ ಶಿರಸಿಯ ಬಳಿ ಶಾಲ್ಮಲೆಯಲ್ಲಿ ಐವರು ಮುಳುಗಿ ಪ್ರಾಣ ಬಿಟ್ಟರು. ಅದು ಮಳೆಯ ತಿಂಗಳಾಗಿರಲಿಲ್ಲ. ನೀರಿಗಿಳಿಯಬೇಡಿರೆಂಬ ಫಲಕವಿದ್ದಲ್ಲಿ ಯಾವ ಉಡುಗೆಯೂ ಕಾಯದು. ದಡದಲ್ಲಿ ನಿಂತು ಕಣ್ತುಂಬಿಸಿಕೊಂಡು ಮರಳುವುದೇ ಸರಿ. ಜೋಗದ ಕಣಿವೆಗೆ ಸುಮಾರು 1,400 ಮೆಟ್ಟಿಲುಗಳು. ದಾರಿ ತೆರೆದಿದ್ದಾಗ ಇಳಿಯಲು ಬಯಸುವ ತಾಯಂದಿರು ಸೀರೆಯನ್ನು ಕಚ್ಚೆ ಹಾಕಿ ಉಡಲಿ, ಇಲ್ಲವೇ ಚೂಡಿದಾರ ತೊಡಲಿ. ಹೊಲದಲ್ಲಿ ನಮ್ಮ ಅಜ್ಜಿಯರು ಇಳಕಲ್ಲ ಸೀರೆಗೆ ಕಚ್ಚೆ ಹಾಕಿಯೇ ದುಡಿಯುತ್ತಿದ್ದರು. ಸೊಸೆ ಪ್ರವಾಸದಲ್ಲಿ ಚೂಡಿದಾರ ತೊಟ್ಟಳೆಂದು ಮುಖ ಗಂಟಿಕ್ಕುವ ಅತ್ತೆಯವರು ಇದನ್ನು ನೆನೆದರೆ ಒಳಿತು.

ಮಳೆ ನಿಂತಿತು, ಇನ್ನು ಭಯವಿಲ್ಲವೆಂದು ತಿಳಿಯುವವರಿಗೆ ಮತ್ತೊಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಈ ಕಾಡುಗಳಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಸೋಂಕಿದ ಉಣುಗಿನ ಕಡಿತದಿಂದ ಮನುಷ್ಯರಿಗೆ ಹರಡುತ್ತದೆ. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಇದು ಹರಡಿ ಸಾವುಗಳೂ ಸಂಭವಿಸಿದವು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಹೀಗಿರುವಾಗ ಉಡುಗೆಯೇ ದೊಡ್ಡ ರಕ್ಷೆ. ಎಳೆಯ ಉಣುಗು ಸಾಸಿವೆಗಿಂತ ಚಿಕ್ಕದು. ಕಪ್ಪು ಬಟ್ಟೆಯ ಮೇಲೆ ಕಾಣಿಸುವುದೇ ಇಲ್ಲ, ತಿಳಿ ಬಣ್ಣದ ಬಟ್ಟೆಯ ಮೇಲೆ ಕಾಣಿಸುತ್ತದೆ. ತುಂಬುತೋಳಿನ ಅಂಗಿ, ಹಿಮ್ಮಡಿ ಮುಚ್ಚುವ ಪ್ಯಾಂಟು, ಅದರ ಮೇಲೆ ಎಳೆದ ಕಾಲುಚೀಲ ಇವು ಆ ತಿಂಗಳುಗಳ ಕಾಡಿನ ಉಡುಗೆ. ಕೈಕಾಲುಗಳಿಗೆ ಬಳಿದುಕೊಳ್ಳುವ ಡೆಪಾ ತೈಲವನ್ನು ಆರೋಗ್ಯ ಇಲಾಖೆಯವರು ಅಲ್ಲಿಯ ಹಳ್ಳಿಗಳಲ್ಲಿ ಹಂಚುತ್ತಾರೆ. ತರಗೆಲೆಗಳ ಮೇಲೆ ಜಮಖಾನೆ ಹಾಸಿ ಬುತ್ತಿ ಬಿಚ್ಚುವ ಆಸೆಯನ್ನು ಆಗ ಬಿಡಬೇಕು; ಮಂಗ ಸತ್ತ ಸುದ್ದಿಯಿದ್ದ ಕಾಡಿಗೆ ಹೋಗಲೇಬಾರದು. ಮರಳಿದೊಡನೆ ತೊಟ್ಟ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಸಾಬೂನು ಹಚ್ಚಿ ಸ್ನಾನ ಮಾಡಬೇಕು. ಪ್ರವಾಸದಿಂದ ಬಂದ ಮೇಲೆ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿದರೆ ವೈದ್ಯರಿಗೆ ತಾವು ಹೋಗಿಬಂದ ಕಾಡಿನ ಹೆಸರನ್ನು ತಪ್ಪದೆ ಹೇಳಬೇಕು.

ಕಾಡಿನಿಂದ ಗುಡಿಗಳಿಗೆ ಬರೋಣ. ಶಿರಸಿಯ ಸಮೀಪ ಶಾಲ್ಮಲೆಯ ಪಾತ್ರದಲ್ಲಿ ಹರಡಿರುವ ಸಹಸ್ರಲಿಂಗ ನಮ್ಮವರ ಪ್ರೀತಿಯ ಯಾತ್ರಾಸ್ಥಳ. 1678ರಿಂದ 1718ರವರೆಗೆ ಆಳಿದ ಸೋದೆಯ ಸದಾಶಿವರಾಯನು ಇವನ್ನು ಕಡೆಯಿಸಿದನೆಂದು ಪ್ರತೀತಿ. ಬಂಡೆಗಳ ಮೇಲೆ ಲಿಂಗ, ಲಿಂಗಗಳ ಮೇಲೆ ನೀರು. ಇಲ್ಲಿ ಪಾದರಕ್ಷೆ ತೆಗೆದು ನಡೆಯುವ ಭಕ್ತರು ಸೆರಗು, ನೆರಿಗೆಗಳನ್ನು ಎತ್ತಿ ಕಟ್ಟಿಕೊಂಡಿರಲಿ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಫೆಬ್ರವರಿ-ಮಾರ್ಚ್ ವೇಳೆಗೆ ನಡೆಯುತ್ತದೆ. ಆ ಜನಜಂಗುಳಿಯಲ್ಲಿ ಆಭರಣ ಕಡಿಮೆಯಿದ್ದಷ್ಟೂ ನೆಮ್ಮದಿ. ವರದೆಯ ದಡದ ಬನವಾಸಿಯಲ್ಲಿ ಮಧುಕೇಶ್ವರನ ಗುಡಿಯ ಮುಂದೆ ನಿಂತಾಗ ಚಾಮರಸನ ಪ್ರಭುಲಿಂಗಲೀಲೆಯ ಪ್ರಸಂಗ ಯಾರಿಗೆ ನೆನಪಾಗದು? ಆ ಕಾವ್ಯದಲ್ಲಿ ಅಲ್ಲಮನು ಮದ್ದಳೆ ನುಡಿಸಿದ ಗುಡಿ ಅದು. ಬನವಾಸಿಯ ಅರಸುಮಗಳು ಮಾಯೆ ತನ್ನೆಲ್ಲ ಸಿಂಗಾರದಿಂದಲೂ ಅವನನ್ನು ಒಲಿಸಿಕೊಳ್ಳಲಾರದೆ ಹೋದಳು. ಆ ನೆಲದಲ್ಲಿ ಆಡಂಬರದ ಉಡುಗೆಗೆ ಬೆಲೆಯಿಲ್ಲವೆಂದು ಕವಿಯೇ ಹೇಳಿದಂತಾಯಿತು. ಭುಜ, ಮೊಣಕಾಲುಗಳನ್ನು ಮುಚ್ಚುವ ಸರಳವಾದ ಬಟ್ಟೆ ಎಲ್ಲ ಗುಡಿಗಳಿಗೂ ಸಲ್ಲುತ್ತದೆ.

ಇಷ್ಟಲಿಂಗಧಾರಿಗಳಿಗೆ ಇನ್ನೊಂದು ಸೂಚನೆ. ಎದೆಯ ಮೇಲಿನ ಕರಡಿಗೆಯ ಶಿವದಾರ ಹಳೆಯದಾಗಿದ್ದರೆ ಹೊರಡುವ ಮುನ್ನವೇ ಬದಲಿಸಿರಿ. ನೆನೆದ ನೂಲು ಬಂಡೆ ಹತ್ತಿ ಇಳಿಯುವಾಗ ಹರಿದರೆ ಹೊಳೆಯಲ್ಲಿ ಹುಡುಕುವುದೆಲ್ಲಿ? ಅಂಗಿಯ ಒಳಗೆ ಕರಡಿಗೆ ಭದ್ರವಾಗಿರಲಿ. ನಿತ್ಯಪೂಜೆಗೆಂದು ಒಗೆದು ಒಣಗಿಸಿದ ಒಂದು ಜೊತೆ ಬಟ್ಟೆ, ವಿಭೂತಿ, ಒಂದು ಚಿಕ್ಕ ಹಾಸು ಇವನ್ನು ಪ್ಲಾಸ್ಟಿಕ್ ಚೀಲದೊಳಗೆ ಬಿಗಿದು ಬೇರೆಯಾಗಿಡಿರಿ. ಉಳಿದೆಲ್ಲವೂ ನೆನೆದರೂ ಅದು ಒಣಗಿರಬೇಕು. ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕುಳಿತವರ ಮನಸ್ಸು ಅಂಗೈಯ ಲಿಂಗದಲ್ಲಿ ನೆಲೆಸದು.

ಇಂದು ಬಹಳ ಮಂದಿ ವಸತಿಗೃಹ ಬಿಟ್ಟು ತೋಟದ ಮನೆಗಳಲ್ಲಿ ತಂಗುತ್ತಾರೆ. ಕೆಸರಿನ ಪಾದರಕ್ಷೆಯನ್ನು ಅಂಗಳದಲ್ಲಿಯೇ ಬಿಟ್ಟು, ಕಾಲು ತೊಳೆದು ಜಗಲಿ ಏರುವುದು ಅಲ್ಲಿಯ ಕ್ರಮ. ರಾತ್ರಿಯ ಚಳಿಗೆ ಹೊದಿಕೆ ಕೇಳಿದರೆ ಕೆಲವೆಡೆ ಕೌದಿ ಸಿಕ್ಕೀತು. ಯಲ್ಲಾಪುರದ ಸುತ್ತಲಿನ ಸಿದ್ದಿ ಹೆಣ್ಣುಮಕ್ಕಳು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಗಳು ಇಂದು ದೂರದೂರದವರ ಮೆಚ್ಚುಗೆ ಪಡೆದಿವೆ. ನಮ್ಮ ಮನೆಗಳ ಮುದುಕಿಯರೂ ಕೌದಿ ಹೊಲಿದವರೇ. ಸವೆದ ಬಟ್ಟೆಗೂ ಇನ್ನೊಂದು ಬಾಳನ್ನು ಕೊಡುವ ಕಾಯಕವದು. ಕೊಳ್ಳುವ ಮನಸ್ಸಿದ್ದರೆ ಹೊಲಿದವರ ಕೈಯಿಂದಲೇ ಕೊಳ್ಳಿರಿ, ಚೌಕಾಸಿ ಮಾಡಬೇಡಿರಿ.

ಮೂರು ದಿನದ ಪ್ರವಾಸಕ್ಕೆ ಬೇಗ ಒಣಗುವ ಮೂರು ಜೊತೆ, ಪೂಜೆಗೊಂದು ಜೊತೆ, ಒಂದು ಮಳೆಯಂಗಿ, ಒಂದು ಉಣ್ಣೆಯ ಅಂಗಿ ಅಥವಾ ಶಾಲು, ನಾಲ್ಕು ಜೊತೆ ಕಾಲುಚೀಲ, ಎರಡು ಪಂಚೆ ಇಷ್ಟಿದ್ದರೆ ಧಾರಾಳವಾಯಿತು. ರೇಷ್ಮೆ, ಜರಿ, ಚಿನ್ನಗಳು ಮನೆಯ ಪೆಟ್ಟಿಗೆಯಲ್ಲಿ ಸುಖವಾಗಿರಲಿ. ಹಡಗಿನ ಉಡುಗೆ ನೋಡುವವರ ಕಣ್ಣಿಗಾಗಿ; ಘಟ್ಟದ ಉಡುಗೆ ನಡೆಯುವ ನೆಲಕ್ಕಾಗಿ. ನೆಲವನ್ನರಿತು ಉಟ್ಟವರನ್ನು ನೆಲ ಸುಖವಾಗಿ ಮನೆಗೆ ಕಳಿಸುತ್ತದೆ. ಹೋದ ಮಕ್ಕಳೆಲ್ಲರೂ ಹೋದಂತೆಯೇ ಮರಳಿ ಬರಲೆಂಬುದು ನಮ್ಮ ಹಾರೈಕೆ.