ನೂಲಿನ ಹೊಳೆ

ಪ್ರೀತಿಯ ಗೆಳತಿ,

ಜರ್ಮನಿಯ ನದಿ ಎಂದರೆ ಎಲ್ಲರೂ ರೈನ್ ಎನ್ನುತ್ತಾರೆ. ನನ್ನ ಮನಸ್ಸು ಹೋಗುವುದು ಅದಕ್ಕೆ ಸೇರುವ ವುಪ್ಪರ್ ಎಂಬ ಪುಟ್ಟ ಹೊಳೆಯ ಕಡೆಗೆ. ಉದ್ದ ಸುಮಾರು 116 ಕಿ.ಮೀ. ಅಷ್ಟೆ. ಮರಿಯೆನ್‌ಹೈಡೆ ಬಳಿಯ ಗುಡ್ಡದಲ್ಲಿ ಹುಟ್ಟುವಾಗ ಅದರ ಹೆಸರು ವಿಪ್ಪರ್. ಇಳಿಯುತ್ತ ಇಳಿಯುತ್ತ ವುಪ್ಪರ್ ಆಗುತ್ತದೆ.

ಅದರ ನೀರಿನಲ್ಲಿ ಸುಣ್ಣದಂಶ ಕಡಿಮೆ. ಹೊಳೆಯ ಕಣಿವೆಗೆ ಅನ್ನ ಕೊಟ್ಟದ್ದೇ ಆ ಗುಣ. ಅಗಸೆನಾರಿನ ನೂಲಿನ ಲಡಿಗಳನ್ನು ದಡದ ಹುಲ್ಲಿನ ಮೇಲೆ ಹರಡಿ ಹೊಳೆಯ ನೀರು ಎರಚುತ್ತಿದ್ದರು. ಬಿಸಿಲಿಗೆ ಒಣಗಿತೋ, ಮತ್ತೆ ಎರಚುವುದು. ದಿನಗಟ್ಟಲೆ ಹೀಗೆ ಮಾಡಿದ ಮೇಲೆ ಕಂದು ನೂಲು ಬೆಳ್ಳಗಾಗುತ್ತಿತ್ತು. 1527ರಲ್ಲಿ ಆ ಸೀಮೆಯ ಡ್ಯೂಕ್ ನೂಲು ಬಿಳುಪು ಮಾಡುವ ಹಕ್ಕನ್ನು ಕಣಿವೆಯ ಎಲ್ಬರ್‌ಫೆಲ್ಡ್ ಮತ್ತು ಬಾರ್ಮೆನ್ ಊರುಗಳಿಗೆ ಬರೆದುಕೊಟ್ಟ.

ಬಿಳುಪಿನ ಹಿಂದೆಯೇ ಬಣ್ಣವೂ ಬಂತು. ಬಾರ್ಮೆನ್‌ನ ಗಿರಣಿ ಮಾಲೀಕರ ಮನೆಯಲ್ಲಿ ಹುಟ್ಟಿದ ಫ್ರೆಡ್ರಿಕ್ ಎಂಗೆಲ್ಸ್ 1839ರಲ್ಲಿ, ಇನ್ನೂ ಹದಿನೆಂಟರ ಹುಡುಗ, ತನ್ನ ಕಣಿವೆಯ ಬಗ್ಗೆ ಪತ್ರರೂಪದಲ್ಲೇ ಬರೆದ. ಹೊಳೆ ಕೆಂಪಗೆ ಹರಿಯುವುದು ಬಣ್ಣದ ಕಾರ್ಖಾನೆಗಳಿಂದ ಎಂದು ಅದರಲ್ಲಿ ಹೇಳಿದ. ಮಂಜಿಷ್ಠದ ಜಾತಿಯ ಬೇರಿನಿಂದ ತೆಗೆಯುವ ‘ಟರ್ಕಿ ಕೆಂಪು’ ಅದು. ನೂಲನ್ನು ಬೆಳ್ಳಗೆ ಮಾಡಿದ ನೀರಿಗೇ ಈ ಗತಿ ಬಂತಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಕಣಿವೆ ಎಷ್ಟು ಇಕ್ಕಟ್ಟೆಂದರೆ ನೆಲದ ಮೇಲೆ ಇನ್ನೊಂದು ರೈಲಿಗೆ ಜಾಗವಿರಲಿಲ್ಲ. ಎರಡೂ ದಡಕ್ಕೆ ಓರೆಯಾಗಿ ಉಕ್ಕಿನ ಕಾಲು ಊರಿ, ಹೊಳೆಯ ಮೇಲೆ ರೈಲನ್ನೇ ತೂಗುಹಾಕಿದರು. 1901ರಲ್ಲಿ ಶುರುವಾದ ಈ ಷ್ವೇಬೆಬಾನ್ ಇಂದಿಗೂ ಕಣಿವೆಯ ವುಪ್ಪರ್‌ಟಾಲ್ ನಗರದ ಜನರನ್ನು ದಿನವೂ ಕೆಲಸಕ್ಕೆ ಒಯ್ಯುತ್ತದೆ. 13 ಕಿ.ಮೀ. ದಾರಿಯಲ್ಲಿ ಸುಮಾರು 10 ಕಿ.ಮೀ. ನೀರಿನ ಮೇಲೆಯೇ. ತಿರುವಿನಲ್ಲಿ ಡಬ್ಬಿ ಉಯ್ಯಾಲೆಯಂತೆ ಓಲುತ್ತದೆ, ಕೆಳಗೆ ಹೊಳೆ.

ಮುಂದೆ ಸೋಲಿಂಗೆನ್. ಅಲ್ಲಿ ಹೊಳೆಯ ನೀರಿನಿಂದ ಚಕ್ರ ತಿರುಗಿಸಿ ಚಾಕು, ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದರು. ಬಾಲ್ಕ್‌ಹೌಸರ್ ಕೊಟ್ಟನ್ ಎಂಬ ಸಾಣೆಮನೆ ಈಗ ವಸ್ತುಸಂಗ್ರಹಾಲಯ. ಬಣ್ಣದ ಕಸುಬೂ ಹೊಳೆಯ ಜೊತೆ ಕೆಳಗಿಳಿಯಿತು: 1863ರಲ್ಲಿ ಬಾರ್ಮೆನ್‌ನಲ್ಲಿ ಬಣ್ಣ ತಯಾರಿಸಲು ಶುರುವಾದ ಬಾಯರ್ ಕಂಪನಿ ಮುಂದೆ ನೆಲೆ ನಿಂತದ್ದು ಲೆವರ್‌ಕೂಸೆನ್‌ನಲ್ಲಿ. ಹೊಳೆ ರೈನಿಗೆ ಸೇರುವುದೂ ಆ ಊರಿನಲ್ಲೇ.

ಇವತ್ತು ನೀರು ಮತ್ತೆ ತಿಳಿಯಾಗಿದೆ. ಎಷ್ಟೋ ಕಾಲ ಕಾಣದಿದ್ದ ಸಾಲ್ಮನ್ ಮೀನು ರೈನಿನಿಂದ ಹೊಳೆಗೆ ಹತ್ತಿ ಬರುತ್ತಿದೆ.

ನಿನ್ನ ಗೆಳತಿ