ಕೆಸರಿನಲ್ಲಿ ಉಳಿದ ಮಳೆಯ ಲೆಕ್ಕ

ಬಸವನಗುಡಿಯ ಕಹಳೆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಕಾರ್ತಿಕದ ಕೊನೆಯ ಸೋಮವಾರ ಅದರ ಬುಡದಲ್ಲೇ ಕಡಲೆಕಾಯಿ ಪರಿಷೆ ಸೇರುತ್ತದೆ. ಆ ವರ್ಷದ ಮಳೆ-ಬೆಳೆಯ ಸುದ್ದಿ ಬೇಕಿದ್ದರೆ ಕಾಯಿ ಮಾರುವ ರೈತರನ್ನು ಕೇಳಬಹುದು. ಹತ್ತು ಸಾವಿರ ವರ್ಷದ ಹಿಂದಿನ ಮಳೆಯನ್ನು ಯಾರನ್ನು ಕೇಳುವುದು? ಭೂಮಿಯ ಆಳದಲ್ಲಿ ಬೆಂದು ಗಟ್ಟಿಯಾದ ಬಂಡೆಗೆ ಅದು ಗೊತ್ತಿಲ್ಲ. ಗೊತ್ತಿರುವುದು ಕೆಸರಿಗೆ.

ಕೆಸರನ್ನು ಓದಬಲ್ಲವರು ಮಲ್ಲೇಶ್ವರದ ಆಚೆ, ಹಳಬರು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ. ಆನೆಗಳ ಅಧ್ಯಯನಕ್ಕೆ ಹೆಸರಾದ ಅಲ್ಲಿನ ರಾಮನ್ ಸುಕುಮಾರ್, ಅಹಮದಾಬಾದಿನ ಆರ್. ರಮೇಶ್ ಮೊದಲಾದವರ ಜೊತೆಗೂಡಿ ನೀಲಗಿರಿಯ ಜೌಗು ನೆಲದ ಕಪ್ಪು ಮಣ್ಣನ್ನು ಪದರ ಪದರವಾಗಿ ಪರೀಕ್ಷಿಸಿದರು. ಅದು ಪೂರ್ತಿ ಕೊಳೆಯದೆ ಉಳಿದ ಹುಲ್ಲು-ಸೊಪ್ಪಿನ ಮಣ್ಣು. ಫಲಿತಾಂಶ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಗಾಳಿಯ ಇಂಗಾಲದಲ್ಲಿ ನೂರಕ್ಕೆ ಒಂದರಷ್ಟು ಪಾಲು ತುಸು ಭಾರವಾದದ್ದು. ಕಾಡಿನ ಮರಗಿಡಗಳು ಅದನ್ನು ಆದಷ್ಟು ದೂರವಿಡುತ್ತವೆ. ಒಣಹವೆಗೆ ಒಗ್ಗಿದ ಹುಲ್ಲುಗಳು ಅಷ್ಟು ಮಡಿ ಮಾಡುವುದಿಲ್ಲ. ಆದ್ದರಿಂದ ಪದರದಲ್ಲಿ ಭಾರದ ಇಂಗಾಲ ಹೆಚ್ಚಿದ್ದರೆ ಅದು ಒಣಗಾಲ, ಕಡಿಮೆಯಿದ್ದರೆ ಮಳೆಗಾಲ. ವಿಕಿರಣಶೀಲ ಇಂಗಾಲ ಎಷ್ಟು ಉಳಿದಿದೆಯೆಂದು ಅಳೆದರೆ ಪದರದ ವಯಸ್ಸೂ ಸಿಗುತ್ತದೆ.

ಹೀಗೆ ಸುಮಾರು 20,000 ವರ್ಷಗಳ ಕಥೆ ಹೊರಬಂತು. ಹಿಮಯುಗದ ಉತ್ತುಂಗದಲ್ಲಿ ನೀಲಗಿರಿ ಒಣಗಿತ್ತು. ಅದು ಮುಗಿದ ಮೇಲೆ ಮುಂಗಾರು ಜೋರಾಯಿತು. ಮುಂದೆ ಮತ್ತೆ ಒಣಹವೆ ಬಂತು. ಇಂಥ ತಿರುವುಗಳು ಯಾವಾಗಲೂ ನಿಧಾನವಲ್ಲ. ಸುಮಾರು 11,700 ವರ್ಷಗಳ ಹಿಂದೆ ಗ್ರೀನ್‌ಲ್ಯಾಂಡಿನ ಕಡುಚಳಿ ಕೆಲವೇ ದಶಕಗಳಲ್ಲಿ, ಒಬ್ಬ ಮನುಷ್ಯನ ಆಯುಷ್ಯದೊಳಗೇ, ಹಿಂದೆ ಸರಿಯಿತೆಂದು ಅಲ್ಲಿನ ಹಿಮಪದರಗಳು ಹೇಳುತ್ತವೆ. ಅದೇ ಹೊತ್ತಿಗೆ ಏಷ್ಯಾದ ಮುಂಗಾರು ಬಲಗೊಂಡದ್ದು ಚೀನಾದ ಗುಹೆಗಳ ಸುಣ್ಣಕಲ್ಲಿನಲ್ಲಿ ದಾಖಲಾಗಿದೆ.

ಮಳೆ ಕೈಕೊಟ್ಟರೆ ಏನಾಗುತ್ತದೆಂಬುದು ಬೆಂಗಳೂರಿಗೆ ಹೊಸದಲ್ಲ. 1876-78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಆ ಬರ ಏಷ್ಯಾದ ಬಹುಭಾಗವನ್ನು ಸುಟ್ಟಿತ್ತೆಂಬುದಕ್ಕೆ ಮರಗಳ ವರ್ಷದ ಉಂಗುರಗಳೇ ಸಾಕ್ಷಿ. ಕ್ಷಾಮದ ಬೆನ್ನಲ್ಲೇ, 1882ರಲ್ಲಿ, ಮಲ್ಲೇಶ್ವರದ ಅಂಚಿನಲ್ಲಿ ಸ್ಯಾಂಕಿ ಕೆರೆ ತಲೆಯೆತ್ತಿತು.

ಕೆರೆಯ ಹೂಳೂ ಇಂಥದೇ ಕಡತ. ಬೆಂಗಳೂರಿನ ಮಳೆಮಾಪಕಗಳ ಲೆಕ್ಕ ಎರಡು ಶತಮಾನಕ್ಕಿಂತ ಹೆಚ್ಚು ಹಿಂದಕ್ಕೆ ಹೋಗುವುದಿಲ್ಲ. ಕೆಂಪೇಗೌಡರ ಕಾಲದ ಕೆರೆಗಳ ಅಡಿಮಣ್ಣು ಅದಕ್ಕೂ ಹಳೆಯದನ್ನು ಹೇಳಬಲ್ಲದು. ಆದರೆ ಧರ್ಮಾಂಬುಧಿಯ ಮೇಲೆ ಈಗ ಬಸ್ಸುಗಳು ನಿಲ್ಲುತ್ತವೆ. ಬಸವನಗುಡಿಯ ಕಾರಂಜಿ ಕೆರೆ ಆಂಜನೇಯನ ಗುಡಿಯ ಹೆಸರಿನಲ್ಲಷ್ಟೇ ಉಳಿದಿದೆ. ಚಾಮರಾಜಪೇಟೆಗೆ ಹತ್ತಿರದ ಕೆಂಪಾಂಬುಧಿ ಇನ್ನೂ ಇದೆ. ಹೂಳು ಎತ್ತುವುದು ತಪ್ಪಲ್ಲ, ನೀರು ನಿಲ್ಲಲು ಜಾಗ ಬೇಕಲ್ಲ! ಆದರೆ ಯಾವ ಹಳೆಯ ಕೆರೆಗಾದರೂ ಯಂತ್ರ ಇಳಿಸುವ ಮೊದಲು, ಪದರ ಕೆಡದಂತೆ ಒಂದು ಕೊಳವೆಯಷ್ಟು ಅಡಿಮಣ್ಣು ತೆಗೆದಿಟ್ಟರೆ ಅಲ್ಲಿನ ಮಳೆಯ ಲೆಕ್ಕ ಉಳಿದೀತು.