ಸೇವ್ ಆಯಿತು ಅಂದಿತು, ಆಗಿರಲಿಲ್ಲ

ದಿನಾ ಮಧ್ಯಾಹ್ನ ನಮ್ಮ ಸುತ್ತಿನ ಹಳ್ಳಿಗಳ ವಾಟ್ಸಾಪ್ ಗುಂಪುಗಳಿಗೆ ಟೊಮ್ಯಾಟೊ ದರದ ಕಾರ್ಡ್ ಹಾಕುವುದು ನನ್ನ ರೂಢಿ. ಪತ್ರಿಕೆಗೆ ಕಳಿಸುವ ಸುದ್ದಿಗಿಂತ ಇದನ್ನೇ ಹೆಚ್ಚು ಜನ ನೋಡುತ್ತಾರೆ ಅಂತ ನನಗೂ ಗೊತ್ತು. ಬೆಳಗಿನ ಹರಾಜು ಮುಗಿದ ಮೇಲೆ ಮಂಡಿಯಲ್ಲಿ ದರ ಕೇಳಿಕೊಂಡು ಬಂದು, ಲ್ಯಾಪ್‌ಟಾಪಿನಲ್ಲಿ ಅಂಕಿ ತುಂಬಿದರೆ ಕಾರ್ಡ್ ತಾನೇ ತಯಾರಾಗುತ್ತದೆ. ಅದಕ್ಕೊಂದು ಸಣ್ಣ ಪ್ರೋಗ್ರಾಂ ನಾನೇ ಬರೆದುಕೊಂಡಿದ್ದೇನೆ. ಪೈಥಾನ್ ಭಾಷೆ, ಜೊತೆಗೆ ಪರದೆಯ ಮೇಲೆ ಕಿಟಕಿ, ಬಟನ್ನು, ಚಿತ್ರ ಮೂಡಿಸುವ ಪೈಕ್ಯೂಟಿ ಎಂಬ ಸಲಕರಣೆ. ಯೂಟ್ಯೂಬ್ ನೋಡಿ ಕಲಿತದ್ದು, ಹಾಗಾಗಿ ಅರ್ಧಂಬರ್ಧ.

ಮೊದಲು ಎಲ್ಲ ದಿನದ ಚಿತ್ರಕ್ಕೂ 'ದರ' ಅಂತ ಒಂದೇ ಹೆಸರು. ಹೊಸದು ಬಂದರೆ ಹಳೆಯದು ಅಳಿಸಿಹೋಗುತ್ತಿತ್ತು. ಹಳೆಯ ದರವೂ ಉಳಿಯಲಿ, ಮುಂದೆ ಒಂದು ವರದಿಗೆ ಆದೀತು ಅನ್ನಿಸಿ, 2024ರ ಜೂನ್ 12ರಂದು ಹೆಸರಿನ ಜೊತೆ ತಾರೀಖು ಸೇರಿಸಿದೆ. ಬಟನ್ ಒತ್ತಿದೆ. 'ಸೇವ್ ಆಯಿತು' ಅಂತ ಬಂತು. ಫೋಲ್ಡರಿನಲ್ಲಿ ಕಂಡ ದರದ ಚಿತ್ರವನ್ನು ಬಿಡಿಸಿ ನೋಡದೆ ಹನ್ನೊಂದು ಗುಂಪಿಗೆ ಕಳಿಸಿ ಊಟಕ್ಕೆ ಹೋದೆ.

ಅದು ಹಿಂದಿನ ದಿನದ ಕಾರ್ಡ್. 15 ಕೆಜಿ ಬಾಕ್ಸಿಗೆ 420 ರೂಪಾಯಿ ಅಂತ ಇತ್ತು. ಅವತ್ತು ದರ 260ಕ್ಕೆ ಇಳಿದಿತ್ತು. ಮೂಲೆಯಲ್ಲಿ ತಾರೀಖು ಇತ್ತು, ಇರುವೆ ಗಾತ್ರದ ಅಕ್ಷರದಲ್ಲಿ. ಯಾರು ನೋಡುತ್ತಾರೆ?

ಮರುದಿನ ಬೆಳಿಗ್ಗೆ ಪಕ್ಕದೂರಿನ ರೈತರೊಬ್ಬರು ಮಂಡಿಯಿಂದಲೇ ಫೋನ್ ಮಾಡಿದರು. ನಮ್ಮಪ್ಪನ ಪರಿಚಯದವರು, ನಾನು ದೊಡ್ಡಪ್ಪ ಅಂತಲೇ ಕರೆಯುವುದು. "ಏನಪ್ಪಾ, ನಿನ್ ಕಾರ್ಡ್ ನೋಡ್ಕೊಂಡು ಆಳು ಕರೆದು ಕೀಳಿಸಿಬಿಟ್ಟೆ. ಇಲ್ಲಿ ನೋಡಿದ್ರೆ ಇನ್ನೂರೈವತ್ತು ಅಂತಾರೆ. ಎರಡು ದಿನ ಗಿಡದಲ್ಲೇ ಬಿಟ್ಟಿರ್ತಿದ್ದೆ." ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಆಳಿನ ಕೂಲಿ, ಟೆಂಪೋ ಬಾಡಿಗೆ ಎಲ್ಲ ಅವರ ಕೈಯಿಂದ ಹೋಗಿತ್ತು.

ಅವತ್ತು ರಾತ್ರಿ ತಪ್ಪು ಹುಡುಕಲು ಕೂತೆ. ಡಿಸ್ಕ್ ತುಂಬಿದೆಯಾ? ಇಲ್ಲ. ಚಿತ್ರವೇ ಖಾಲಿಯಾ? ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಫೋಲ್ಡರಿನಲ್ಲಿ ಬರೆಯಲು ಅನುಮತಿ ಇಲ್ಲವಾ? ಅದೇ ಜಾಗಕ್ಕೆ ಬರೀ '1' ಅಂತ ಹೆಸರು ಕೊಟ್ಟು ಸೇವ್ ಮಾಡಿದೆ, ಆಯಿತು. ಅಂದರೆ ಚಿತ್ರವೂ ಸರಿ, ಜಾಗವೂ ಸರಿ, ದೋಷ ಹೆಸರಿನಲ್ಲಿ. ಕನ್ನಡ ಅಕ್ಷರದ ಮೇಲೆ ಅನುಮಾನ ಬಂತು. ನಮಗೆ ಅದೊಂದು ಅಭ್ಯಾಸ ನೋಡಿ, ಏನು ಕೆಟ್ಟರೂ ಮೊದಲು ಕನ್ನಡವೇ ಕಾರಣ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಹೆಸರಿಟ್ಟೆ, ಆಗಲೂ ಆಗಲಿಲ್ಲ.

ಕೊನೆಗೆ ಪ್ರೋಗ್ರಾಂ ಕಟ್ಟುತ್ತಿದ್ದ ಹೆಸರನ್ನು ಪೂರ್ತಿ ಪರದೆಗೆ ತಂದು ಓದಿದೆ. 'ದರ-12/06/2024'. ತಾರೀಖಿನ ನಡುವೆ ಓರೆಗೆರೆ. ನಮ್ಮ ಪಹಣಿಯಲ್ಲಿ ಸರ್ವೆ ನಂಬರ್ 45/2 ಅಂದರೆ 45ರ ಒಳಗಿನ 2ನೇ ಹಿಸ್ಸಾ ಅಲ್ಲವೇ, ಕಂಪ್ಯೂಟರ್ ಕೂಡ ಹಾಗೇ ಓದುತ್ತದೆ. 'ದರ-12' ಎಂಬ ಫೋಲ್ಡರ್, ಅದರೊಳಗೆ '06' ಎಂಬ ಫೋಲ್ಡರ್, ಅದರೊಳಗೆ '2024' ಎಂಬ ಚಿತ್ರ. ಅಂಥ ಫೋಲ್ಡರುಗಳೇ ಇರಲಿಲ್ಲ. ಈ ಸೇವ್ ಆಜ್ಞೆ ಇಲ್ಲದ ಫೋಲ್ಡರನ್ನು ತಾನಾಗಿ ಮಾಡಿಕೊಳ್ಳುವುದಿಲ್ಲ. ಕೂಗಿ ಹೇಳುವುದೂ ಇಲ್ಲ. ಕೆಲಸ ಆದರೆ 'ಹೌದು', ಆಗದಿದ್ದರೆ 'ಇಲ್ಲ' ಅಂತ ಮೆಲ್ಲಗೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಆ ಉತ್ತರವನ್ನು ನಾವು ಕೇಳಿಸಿಕೊಳ್ಳಬೇಕು.

ನಾನು ಕೇಳಿಸಿಕೊಂಡಿರಲಿಲ್ಲ. 'ಸೇವ್ ಆಯಿತು' ಅನ್ನುವ ಸಾಲು ನಾನೇ ಬರೆದದ್ದು. ಉತ್ತರ ಏನೇ ಬಂದರೂ ಅದನ್ನೇ ತೋರಿಸು ಅಂತ ಬರೆದಿದ್ದೆ. ಅಧಿಕಾರಿ 'ಕಾಮಗಾರಿ ಪೂರ್ಣಗೊಂಡಿದೆ' ಅಂದರೆ ಸ್ಥಳಕ್ಕೆ ಹೋಗಿ ನೋಡಿ ಬರೆಯಿರಿ ಅಂತ ಡಿಪ್ಲೊಮಾದಲ್ಲಿ ಮೇಷ್ಟ್ರು ತಲೆಗೆ ತುಂಬಿದ್ದರು. ನನ್ನ ಪ್ರೋಗ್ರಾಮಿನ ಮಾತನ್ನು ಮಾತ್ರ ಹೋಗಿ ನೋಡಲಿಲ್ಲ.

ರಿಪೇರಿ ಐದು ನಿಮಿಷದ್ದು. ಓರೆಗೆರೆ ತೆಗೆದು ಅಡ್ಡಗೆರೆ ಹಾಕಿದೆ, ವರ್ಷ ಮೊದಲು ಬರುವಂತೆ: 2024-06-13. ಹೀಗಿಟ್ಟರೆ ಫೈಲುಗಳು ದಿನದ ಸಾಲಿನಲ್ಲೇ ನಿಲ್ಲುತ್ತವೆ. ಫೋಲ್ಡರಿನ ಪೂರ್ತಿ ವಿಳಾಸ ಕೊಟ್ಟೆ, ಇಲ್ಲದಿದ್ದರೆ ಪ್ರೋಗ್ರಾಂ ಎಲ್ಲಿಂದ ಶುರುವಾಯಿತೋ ಅಲ್ಲಿಗೆ ಚಿತ್ರ ಹೋಗಿ ಕೂರುತ್ತದೆ, ಆಮೇಲೆ ಹುಡುಕಾಟ. ಹೆಸರಿನ ಕೊನೆಗೆ ಪಿಎನ್‌ಜಿ ಇದೆಯೇ ಅಂತ ನೋಡಿಕೊಂಡೆ. ಬಾಲ ಇಲ್ಲದಿದ್ದರೆ ಯಾವ ಬಗೆಯ ಚಿತ್ರ ಅಂತ ಅದಕ್ಕೆ ತಿಳಿಯದೆ ಆಗಲೂ 'ಇಲ್ಲ' ಅನ್ನುತ್ತದೆ. ಕನ್ನಡ ಹೆಸರನ್ನು ಹಾಗೇ ಉಳಿಸಿದೆ, ಅದರಿಂದ ಏನೂ ತೊಂದರೆ ಇರಲಿಲ್ಲ. 'ಇಲ್ಲ' ಅಂದರೆ ಇಡೀ ಕಿಟಕಿ ಕೆಂಪಾಗುವಂತೆ ಮಾಡಿದೆ. ಕಾರ್ಡಿನ ತಾರೀಖನ್ನು ದರದಷ್ಟೇ ದಪ್ಪ ಮಾಡಿದೆ.

ತಪ್ಪಾಗಿದೆ ಅಂತ ಹನ್ನೊಂದೂ ಗುಂಪಿನಲ್ಲಿ ಬರೆದೆ. ದೊಡ್ಡಪ್ಪನ ಮನೆಗೆ ಹೋಗಿ ಟೆಂಪೋ ಬಾಡಿಗೆ ಕೊಡಲು ನೋಡಿದೆ. "ದುಡ್ಡು ಒಳಗಿಡು" ಅಂದು ಕಾಫಿ ಕೊಟ್ಟರು.

ಒಮ್ಮೆ ಕಿಟಕಿ ಕೆಂಪಾಯಿತು. ಮಗಳು ಪೆನ್‌ಡ್ರೈವ್ ಕಿತ್ತುಕೊಂಡು ಹೋಗಿದ್ದಳು, ಸೇವ್ ಆಗಬೇಕಿದ್ದ ಫೋಲ್ಡರ್ ಅದರಲ್ಲೇ ಇತ್ತು. ದೊಡ್ಡಪ್ಪ ಮಾತ್ರ ಈಗಲೂ ಕಾರ್ಡ್ ಬಂದ ಕೂಡಲೇ ಫೋನ್ ಮಾಡುತ್ತಾರೆ. "ಇದು ಇವತ್ತಿಂದೇನಾ?"